ಮೈನಸ್ 6.25 ಪವರ್, ತೆಳು ಕಾರ್ನಿಯಾ: ಲಾಸಿಕ್, ಸ್ಮೈಲ್, ಪಿಆರ್‌ಕೆ, ಐಸಿಎಲ್ ಇವುಗಳಲ್ಲಿ ಯಾವುದು?

ನೀವು ಕೇಳಿರುವುದು ಇಷ್ಟು: ವಯಸ್ಸು 26, ಪವರ್ ಹೆಚ್ಚಿರುವ ಕಣ್ಣಿಗೆ ಮೈನಸ್ 6.25, ಸಿಲಿಂಡರ್ (ಓರೆ ದೃಷ್ಟಿದೋಷದ ಪವರ್) ಮೈನಸ್ 0.75, ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ದಪ್ಪ 508 ಮೈಕ್ರಾನ್ (ಸಾವಿರ ಮೈಕ್ರಾನ್ ಒಂದು ಮಿ.ಮೀ.). ಒಬ್ಬ ಡಾಕ್ಟರು ಲಾಸಿಕ್ ಅಂದರು, ಇನ್ನೊಬ್ಬರು ಸ್ಮೈಲ್, ಮೂರನೆಯವರು ಐಸಿಎಲ್. ಎಲ್ಲವೂ ಕನ್ನಡಕ ಬಿಡಿಸುವ ಆಪರೇಷನ್‌ಗಳೇ: ಲಾಸಿಕ್, ಸ್ಮೈಲ್, ಪಿಆರ್‌ಕೆ ಲೇಸರ್‌ನಿಂದ ಕಾರ್ನಿಯಾ ತೆಳುವಾಗಿಸುತ್ತವೆ, ಐಸಿಎಲ್ ಕಣ್ಣಿನೊಳಗೆ ಇಡುವ ಲೆನ್ಸ್. ಹೆಸರುಗಳನ್ನು ಬದಿಗಿಟ್ಟು ಮೊದಲು ಕಳೆಯುವ ಲೆಕ್ಕ ಮಾಡಿ.

ಒಂದು ಪವರ್ ಇಳಿಸಲು ಲೇಸರ್ ಸುಮಾರು 15 ಮೈಕ್ರಾನ್ ಸವೆಸುತ್ತದೆ. ಸಿಲಿಂಡರ್ ಸೇರಿ ನಿಮ್ಮದು 7, ಅಂದರೆ 105. ಲಾಸಿಕ್‌ನಲ್ಲಿ ಕತ್ತರಿಸಿ ಮೇಲೆತ್ತುವ ಕಾರ್ನಿಯಾದ ಮೇಲ್ಪದರ, ಅಂದರೆ ಫ್ಲ್ಯಾಪ್, 110. ಅದನ್ನು ಮತ್ತೆ ಮುಚ್ಚುತ್ತಾರೆ ನಿಜ, ಆದರೆ ಕತ್ತರಿಸಿದ ಪದರ ಮೊದಲಿನಂತೆ ಒತ್ತಡ ತಡೆಯುವುದಿಲ್ಲ, ಹಾಗಾಗಿ ಅದನ್ನೂ ಕಳೆಯಲೇಬೇಕು. ಉಳಿಯುವುದು 293. ಕನಿಷ್ಠ ಇಷ್ಟು ಉಳಿಯಬೇಕು ಎನ್ನುವ ಹಳೆಯ ಗಡಿ 250, ಎಚ್ಚರಿಕೆಯ ಸರ್ಜನ್‌ಗಳು 300 ಕೇಳುತ್ತಾರೆ. ಇನ್ನೊಂದು ಅಳತೆ: ಕಳೆದ ಒಟ್ಟು 215 ಅನ್ನು 508ರಿಂದ ಭಾಗಿಸಿದರೆ ಶೇ. 42. ಶೇ. 40 ದಾಟಿದರೆ ಎಕ್ಟೇಸಿಯಾ ಅಪಾಯ ಹೆಚ್ಚು; ಅಂದರೆ ಉಳಿದ ಪದರ ಕಣ್ಣಿನೊಳಗಿನ ಒತ್ತಡಕ್ಕೆ ಮಣಿದು ಮುಂದಕ್ಕೆ ಉಬ್ಬುತ್ತದೆ. ನಿಮ್ಮ ಕಣ್ಣಿಗೆ ಲಾಸಿಕ್ ನಾನು ಒಪ್ಪುವುದಿಲ್ಲ.

ಸ್ಮೈಲ್‌ನಲ್ಲಿ ಫ್ಲ್ಯಾಪ್ ಇಲ್ಲ, ಹಾಗಾಗಿ ಕಾರ್ನಿಯಾ ಉಳಿಯುತ್ತದೆ ಅನ್ನುವ ಮಾತು ಅರ್ಧ ಸತ್ಯ. ಅಲ್ಲಿ 2ರಿಂದ 4 ಮಿ.ಮೀ. ಸೀಳಿನಿಂದ ಒಳಗಿನ ತೆಳು ಬಿಲ್ಲೆಯನ್ನು ಎಳೆದು ತೆಗೆಯುತ್ತಾರೆ. ಆ ಬಿಲ್ಲೆ ಹರಿಯದಿರಲೆಂದು ಅಂಚಿನಲ್ಲಿ 10-15 ಮೈಕ್ರಾನ್ ಹೆಚ್ಚುವರಿ ದಪ್ಪ ಬಿಡುತ್ತಾರೆ, ಅದೂ ಕಣ್ಣಿನಿಂದ ಹೋಗುತ್ತದೆ. ಮೇಲಿನ ಮುಚ್ಚಳ 120, ಬಿಲ್ಲೆ 120. ಕೆಳಗೆ ಉಳಿಯುವುದು 268. ಮುಚ್ಚಳದ ಬಲವಾದ ಮೇಲ್ಪದರ ಬಹುಪಾಲು ಕತ್ತರಿಸದೆ ಉಳಿಯುತ್ತದೆ ಎನ್ನುವುದು ಅದರ ಪರವಾದ ವಾದ, ಆದರೂ ಸ್ಮೈಲ್ ನಂತರವೂ ಎಕ್ಟೇಸಿಯಾ ಆಗಿದೆ. ನರಗಳು ಕಡಿಮೆ ಕತ್ತರಿಸುವುದರಿಂದ ಕಣ್ಣು ಒಣಗುವುದು ಕಡಿಮೆ, ಅದು ನಿಜವಾದ ಲಾಭ.

ಪಿಆರ್‌ಕೆಯಲ್ಲಿ ಸುಮಾರು 50 ಮೈಕ್ರಾನ್‌ನ ಹೊರಚರ್ಮವನ್ನಷ್ಟೇ ಕೆರೆದು ತೆಗೆದು ಲೇಸರ್ ಹಾಯಿಸುತ್ತಾರೆ. ಅದು ಮತ್ತೆ ಬೆಳೆಯುತ್ತದೆ. ಕೆಳಗೆ 350ರಷ್ಟು ಉಳಿಯುತ್ತದೆ. ಬೆಲೆ ಬೇರೆ: ಎರಡು-ಮೂರು ದಿನ ಚೆನ್ನಾಗಿ ಉರಿ, ನೋವು, ನಾಲ್ಕೈದು ದಿನ ಬ್ಯಾಂಡೇಜ್ ಲೆನ್ಸ್, ದೃಷ್ಟಿ ನಿಲ್ಲಲು ಒಂದರಿಂದ ಮೂರು ತಿಂಗಳು. ನಿಮ್ಮಷ್ಟು ಪವರ್‌ಗೆ ಮಂಜು ಕವಿಯುವ ಭಯವಿದೆ, ಹಾಗಾಗಿ ಅದನ್ನು ತಡೆಯುವ ಶೇ. 0.02 ಮೈಟೊಮೈಸಿನ್ ಔಷಧಿ ಹಚ್ಚುತ್ತಾರೆಯೇ ಎಂದು ಕೇಳಿ. ಸ್ಟೀರಾಯ್ಡ್ ಹನಿ ವಾರಗಟ್ಟಲೆ ಹಾಕಬೇಕು, ಅದು ಕಣ್ಣಿನ ಒತ್ತಡ ಏರಿಸಬಹುದು, ಆಗಾಗ ಅಳೆಸಿ.

ಐಸಿಎಲ್ ಕಾರ್ನಿಯಾವನ್ನು ಸವೆಸುವುದಿಲ್ಲ. ಈ ಲೆನ್ಸನ್ನು ಐರಿಸ್‌ನ (ಕಣ್ಣಿನ ಬಣ್ಣದ ಭಾಗ) ಹಿಂದೆ, ನಿಮ್ಮ ಸಹಜ ಲೆನ್ಸ್‌ನ ಮುಂದೆ ಇಡುತ್ತಾರೆ, ಬೇಡವಾದರೆ ತೆಗೆಯಬಹುದು. ಕಣ್ಣಿನ ಮುಂಭಾಗದ ಕೋಣೆಯ (ಕಾರ್ನಿಯಾ ಮತ್ತು ಸಹಜ ಲೆನ್ಸ್ ನಡುವಿನ ಜಾಗ) ಆಳ ಕನಿಷ್ಠ 2.8 ಮಿ.ಮೀ. ಬೇಕು. ಅಳತೆ ತಪ್ಪಿದರೆ ಕಷ್ಟ: ಚಿಕ್ಕದಾದರೆ ಸಹಜ ಲೆನ್ಸ್‌ಗೆ ತಾಗಿ ಪೊರೆ ಬರಬಹುದು, ದೊಡ್ಡದಾದರೆ ಐರಿಸ್ ಮುಂದಕ್ಕೆ ತಳ್ಳಲ್ಪಟ್ಟು ಒತ್ತಡ ಏರಬಹುದು. ಎಂಡೊಥೀಲಿಯಂ, ಅಂದರೆ ಕಾರ್ನಿಯಾದ ಒಳಮೈಯ ಜೀವಕೋಶಗಳ ಎಣಿಕೆ ವರ್ಷಕ್ಕೊಮ್ಮೆ ಮಾಡಿಸಬೇಕು. ಕಣ್ಣಿನೊಳಗಿನ ಆಪರೇಷನ್ ಆದ್ದರಿಂದ ಸೋಂಕು ಅಪರೂಪವಾದರೂ ಗಂಭೀರ.

ನನ್ನ ಆಯ್ಕೆ: ಕೋಣೆಯ ಆಳ ಸಾಕಷ್ಟಿದ್ದರೆ ಐಸಿಎಲ್, ಇಲ್ಲದಿದ್ದರೆ ಪಿಆರ್‌ಕೆ. ಟೊಮೊಗ್ರಫಿಯಲ್ಲಿ (ಕಾರ್ನಿಯಾದ ಆಕಾರ, ದಪ್ಪ ಅಳೆಯುವ ಸ್ಕ್ಯಾನ್) ಕೆರಟೊಕೋನಸ್‌ನ, ಅಂದರೆ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕಾಯಿಲೆಯ, ಗುಮಾನಿ ಕಂಡರೆ ಲೇಸರ್‌ನ ಮಾತೇ ಬೇಡ.

ಈ ಅಳತೆಗಳೆಲ್ಲ ಸರಿ ಬರಬೇಕಾದರೆ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಎರಡು ವಾರ, ಗಟ್ಟಿಯದು ನಾಲ್ಕು ವಾರ ಮೊದಲೇ ಬಿಡಿ. ಲೆನ್ಸ್ ಒತ್ತಿ ಕಾರ್ನಿಯಾದ ಆಕಾರ ಬದಲಾಗಿರುತ್ತದೆ. ಒಂದು ವರ್ಷದಲ್ಲಿ ಪವರ್ 0.5ಕ್ಕಿಂತ ಹೆಚ್ಚು ಸರಿದಿದ್ದರೆ ಕಾಯಿರಿ. ಯಾವ ಆಪರೇಷನ್ ಆದರೂ ಕಣ್ಣುಗುಡ್ಡೆಯ ಉದ್ದ ಹಾಗೇ ಇರುತ್ತದೆ, ಹಾಗಾಗಿ ರೆಟಿನಾ ಪರೀಕ್ಷೆ ತಪ್ಪಿಸಬೇಡಿ. ಮತ್ತೆ, ಆಪರೇಷನ್‌ಗೆ ಮುಂಚಿನ ರಿಪೋರ್ಟ್ ಜೋಪಾನ: ಲೇಸರ್ ಮಾಡಿಸಿದವರಿಗೆ ವಯಸ್ಸಾದ ಮೇಲೆ ಪೊರೆ ತೆಗೆದು ಹಾಕುವ ಲೆನ್ಸ್‌ನ ಪವರ್ ಲೆಕ್ಕ ತಪ್ಪುವ ಸಾಧ್ಯತೆ ಇರುತ್ತದೆ, ಆಗ ಆ ಹಳೆಯ ಅಂಕಿಗಳು ಬೇಕಾಗುತ್ತವೆ.