ಸ್ಟೀರಾಯ್ಡ್ ಎಂದರೆ ಬೆಚ್ಚುವವರಿಗೆ, ಗೊತ್ತಿಲ್ಲದೆ ನುಂಗಿದವರಿಗೆ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ಕಬ್ಬಿನ ಬೇಸಾಯ. ಎರಡು ವರ್ಷಗಳಿಂದ ಸೊರಗುತ್ತಾ, ಕಪ್ಪಾಗುತ್ತಾ ಬಂದರು. ಬಿಸಿಲಲ್ಲಿ ದುಡಿಯುವ ಮೈ ಎಂದು ನಾವೂ ಸುಮ್ಮನಿದ್ದೆವು. ಊಟ ಸೇರುತ್ತಿರಲಿಲ್ಲ, ಉಪ್ಪಿನಕಾಯಿ ಮಾತ್ರ ಬೇಕೇಬೇಕು. ಹೋದ ತಿಂಗಳು ವಾಂತಿಯಾಗಿ ಎಚ್ಚರ ತಪ್ಪಿದಾಗ ಮೈಸೂರಿಗೆ ಕರೆದೊಯ್ದೆವು. ಅಡ್ರಿನಲ್ ಗ್ರಂಥಿಗಳಿಗೆ ಕ್ಷಯ ತಗುಲಿ ಅಡಿಸನ್ ಕಾಯಿಲೆ ಬಂದಿದೆ, ಜೀವನಪೂರ್ತಿ ಸ್ಟೀರಾಯ್ಡ್ ತೆಗೆದುಕೊಳ್ಳಬೇಕು ಎಂದಿದ್ದಾರೆ. ಈಗ ಚೇತರಿಸಿಕೊಂಡಿದ್ದಾರೆ. ಸ್ಟೀರಾಯ್ಡ್ ಕಿಡ್ನಿ ತಿಂದುಹಾಕುತ್ತದೆ, ಇನ್ನು ನಿಲ್ಲಿಸಿ ಎಂದು ನಮ್ಮ ಭಾವನವರು ಒತ್ತಾಯಿಸುತ್ತಿದ್ದಾರೆ. ಏನು ಮಾಡಲಿ?
ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ನಿಲ್ಲಿಸಬೇಡಿ. ಮೊದಲು ಇದೊಂದು ಮಾತನ್ನು ಭಾವನವರಿಗೆ ಓದಿ ಹೇಳಿ. ಮಿಕ್ಕದ್ದನ್ನು ನಿಧಾನವಾಗಿ ಓದಬಹುದು.

ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಪ್ರತಿದಿನ ಕಾರ್ಟಿಸಾಲ್ ಮತ್ತು ಆಲ್ಡೋಸ್ಟಿರೋನ್ ಎಂಬ ಹಾರ್ಮೋನುಗಳನ್ನು ತಯಾರಿಸುತ್ತವೆ. ಮೊದಲನೆಯದು ಕಾಯಿಲೆ, ಪೆಟ್ಟು, ಉಪವಾಸಗಳನ್ನು ತಡೆದುಕೊಳ್ಳುವ ಶಕ್ತಿ ಕೊಡುತ್ತದೆ. ಎರಡನೆಯದು ಮೈಯ ಉಪ್ಪು ಮೂತ್ರದಲ್ಲಿ ಹರಿದುಹೋಗದಂತೆ ಹಿಡಿದಿಡುತ್ತದೆ. ಇವೆರಡೂ ಸ್ಟೀರಾಯ್ಡ್‌ಗಳೇ. ಅಂದರೆ ನಿಮ್ಮ ಯಜಮಾನರಿಗೆ ಕೊಡುತ್ತಿರುವುದು, ಅವರ ದೇಹ ತಾನಾಗಿ ಮಾಡಿಕೊಳ್ಳಬೇಕಾಗಿದ್ದು ಈಗ ಮಾಡಿಕೊಳ್ಳಲಾಗದೆ ಹೋದ ವಸ್ತುವನ್ನು, ಅದೂ ದೇಹಕ್ಕೆ ಬೇಕಾದಷ್ಟೇ ಪ್ರಮಾಣದಲ್ಲಿ. ಭಾವನವರು ಕೇಳಿರುವ ದುಷ್ಪರಿಣಾಮಗಳು ಬೇರೆ ಕಾಯಿಲೆಗಳಿಗೆ ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಕೊಟ್ಟಾಗ ಬರುವಂಥವು. ಆ ಭಯವನ್ನು ತಂದು ಇಲ್ಲಿ ಅಂಟಿಸಿದರೆ ಪ್ರಾಣಕ್ಕೇ ಸಂಚಕಾರ.

ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಈ ಕಾಯಿಲೆಯನ್ನು 1855ರಲ್ಲಿ ವಿವರಿಸಿದಾಗ ಅದರ ಮುಖ್ಯ ಕಾರಣ ಕ್ಷಯವೇ ಆಗಿತ್ತು. ಪಶ್ಚಿಮದ ದೇಶಗಳಲ್ಲಿ ಈಗ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವುದು ಹೆಚ್ಚು. ನಮ್ಮಲ್ಲಿ ಕ್ಷಯ ಇನ್ನೂ ಪಟ್ಟಿಯಿಂದ ಇಳಿದಿಲ್ಲ. ಗ್ರಂಥಿಯ ಬಹುಪಾಲು ಹಾಳಾಗುವವರೆಗೆ ಲಕ್ಷಣಗಳು ಎದ್ದು ಕಾಣುವುದಿಲ್ಲವಾದ್ದರಿಂದ, ಕ್ಷಯ ಪೂರ್ತಿ ವಾಸಿಯಾದರೂ ಗ್ರಂಥಿ ಮತ್ತೆ ಕೆಲಸಕ್ಕೆ ಮರಳುವುದು ಅಪರೂಪ. ‘ಜೀವನಪೂರ್ತಿ’ ಎಂದು ವೈದ್ಯರು ಹೇಳಿದ್ದು ಅದಕ್ಕೇ.

ಮೈ ಕಪ್ಪಾದದ್ದರ ಬಗ್ಗೆ ಒಂದು ಮಾತು. ಕಾರ್ಟಿಸಾಲ್ ಇಳಿದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ, ಅಡ್ರಿನಲ್ಲನ್ನು ಎಬ್ಬಿಸಲೆಂದು ಎಸಿಟಿಎಚ್ ಎಂಬ ಹಾರ್ಮೋನನ್ನು ಮಿತಿಮೀರಿ ಸುರಿಸುತ್ತದೆ. ಅದೇ ಹಾರ್ಮೋನು ಚರ್ಮದ ಬಣ್ಣದ ಕಣಗಳನ್ನೂ ಕೆರಳಿಸುತ್ತದೆ. ಬಿಸಿಲಿನ ಕಪ್ಪು ಮುಖ, ತೋಳುಗಳಿಗೆ ನಿಲ್ಲುತ್ತದೆ. ಈ ಕಪ್ಪು ಅಂಗೈ ಗೆರೆಗಳಿಗೆ, ಒಸಡಿಗೆ, ಕೆನ್ನೆಯ ಒಳಬದಿಗೆ, ಬಟ್ಟೆ ಮುಚ್ಚಿದ ಭಾಗಗಳಿಗೂ ಇಳಿಯುತ್ತದೆ. ನಮ್ಮ ಜನರಲ್ಲಿ ಹುಟ್ಟಿನಿಂದಲೇ ಒಸಡು ಕಪ್ಪಾಗಿರುವವರು ಬಹಳ ಮಂದಿ ಇರುವುದರಿಂದ, ಕಪ್ಪಿದೆಯೇ ಎಂದು ನೋಡುವುದಕ್ಕಿಂತ ಹೊಸದಾಗಿ ಬಂತೇ ಎಂದು ಮನೆಯವರನ್ನು ಕೇಳುವುದು ಮೇಲು. ಆದ್ದರಿಂದಲೇ ನಿಮ್ಮಂಥ ಹೆಂಡತಿಯರ ಮಾತು ಎಷ್ಟೋ ಪರೀಕ್ಷೆಗಳಿಗಿಂತ ಬೆಲೆಯುಳ್ಳದ್ದು. ಉಪ್ಪಿನಕಾಯಿಯ ಹಂಬಲವೂ ಬಾಯಿಚಪಲವಲ್ಲ. ದೇಹ ಕಳೆದುಕೊಳ್ಳುತ್ತಿದ್ದ ಉಪ್ಪನ್ನು ಅವರ ನಾಲಿಗೆ ಕೇಳುತ್ತಿತ್ತು. ಇಂಥವರ ರಕ್ತದಲ್ಲಿ ಸಾಮಾನ್ಯವಾಗಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಹೆಚ್ಚು ಇರುತ್ತದೆ. ಬೆಳಗಿನ 8 ಗಂಟೆಯ ಕಾರ್ಟಿಸಾಲ್ 3 ಮೈಕ್ರೋಗ್ರಾಂಗಿಂತ ಕೆಳಗಿದ್ದು ಎಸಿಟಿಎಚ್ ಏರಿದ್ದರೆ ಅನುಮಾನಕ್ಕೆ ಎಡೆ ಕಡಿಮೆ. ಅಂಕಿ ಇದಕ್ಕೂ ಸಹಜ ಮಟ್ಟಕ್ಕೂ ನಡುವೆ ಎಲ್ಲೋ ನಿಂತರೆ, ಗ್ರಂಥಿಯನ್ನು ಪ್ರಚೋದಿಸುವ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯ ನಂತರ ಒಮ್ಮೆ, ಒಂದು ಗಂಟೆಯ ನಂತರ ಇನ್ನೊಮ್ಮೆ ರಕ್ತ ನೋಡುತ್ತಾರೆ.

ಕಾರ್ಟಿಸಾಲಿನ ಜಾಗ ತುಂಬಲು ಕೊಡುವ ಹೈಡ್ರೋಕಾರ್ಟಿಸೋನ್ ಮಾತ್ರೆ ದಿನಕ್ಕೆ ಸುಮಾರು 15ರಿಂದ 25 ಮಿಲಿಗ್ರಾಂ, ಎರಡು ಮೂರು ಪಾಲಾಗಿ. ದೊಡ್ಡ ಪಾಲು ಎದ್ದ ತಕ್ಷಣ, ಏಕೆಂದರೆ ಸಹಜ ಕಾರ್ಟಿಸಾಲ್ ಕೂಡ ಬೆಳಗ್ಗೆಯೇ ಏರುತ್ತದೆ. ಉಪ್ಪನ್ನು ಹಿಡಿದಿಡಲು ಜೊತೆಗೆ ಫ್ಲುಡ್ರೋಕಾರ್ಟಿಸೋನ್ ಇರುತ್ತದೆ. ಇದು ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಸಿಗುವ ಮಾತ್ರೆಯಲ್ಲ, ಆದ್ದರಿಂದ ಮುಗಿಯುವ ಮೊದಲೇ ತರಿಸಿಡಿ. ಇನ್ನೊಂದು ಎಚ್ಚರ: ಕ್ಷಯದ ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್, ನುಂಗಿದ ಹೈಡ್ರೋಕಾರ್ಟಿಸೋನನ್ನು ಯಕೃತ್ತಿನಲ್ಲಿ ಬೇಗ ಕರಗಿಸಿಬಿಡುತ್ತದೆ. ಎರಡನ್ನೂ ತೆಗೆದುಕೊಳ್ಳುವಷ್ಟು ದಿನ ಪ್ರಮಾಣ ಏರಿಸಬೇಕಾಗಬಹುದು, ಕ್ಷಯದ ಚಿಕಿತ್ಸೆ ಮುಗಿದ ಮೇಲೆ ಇಳಿಸಬೇಕಾಗುತ್ತದೆ. ಕ್ಷಯದ ಮಾತ್ರೆ ಒಂದು ಕಡೆಯಿಂದ, ಹಾರ್ಮೋನ್ ಮಾತ್ರೆ ಇನ್ನೊಂದು ಕಡೆಯಿಂದ ಬರುವವರಲ್ಲಿ ಈ ಮಾತು ಎರಡರ ನಡುವೆ ಬಿದ್ದುಹೋಗುವುದುಂಟು. ನೀವೇ ಎರಡೂ ಚೀಟಿಗಳನ್ನು ಇಬ್ಬರಿಗೂ ತೋರಿಸಿ.

ಜ್ವರ ಬಂದಾಗ ಹೈಡ್ರೋಕಾರ್ಟಿಸೋನನ್ನು ಎರಡು ಮೂರು ಪಟ್ಟು ಮಾಡಿಕೊಳ್ಳುವ ಕ್ರಮವನ್ನು ಈಗಲೇ ವೈದ್ಯರಿಂದ ಬರೆಸಿಕೊಳ್ಳಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮನೆಯಲ್ಲಿ ಕಾಯಬಾರದು: 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಮತ್ತು ಸಲೈನ್ ಬೇಕು. ಬರೀ ‘ಗ್ಲೂಕೋಸ್ ಬಾಟಲಿ’ ಏರಿಸಿಕೊಂಡು ಬಂದರೆ ಸಾಲದು. ಒಂದು ಇಂಜೆಕ್ಷನ್ ಮನೆಯಲ್ಲೇ ಇಟ್ಟುಕೊಂಡು ಹಾಕುವುದನ್ನು ಕಲಿತರೆ, ಊರಿನಿಂದ ಮಂಡ್ಯಕ್ಕೋ ಮೈಸೂರಿಗೋ ತಲುಪುವಷ್ಟರಲ್ಲಿ ಕಳೆದುಹೋಗುವ ಹೊತ್ತು ಉಳಿಯುತ್ತದೆ. ಕಾಯಿಲೆಯ ಹೆಸರು, ಮಾತ್ರೆಯ ಪ್ರಮಾಣ ಬರೆದ ಚೀಟಿ ಸದಾ ಅವರ ಜೇಬಿನಲ್ಲಿರಲಿ. ಕಬ್ಬು ಕಡಿಯುವ ದಿನಗಳಲ್ಲಿ ಬೆವರಿದಷ್ಟೂ ಉಪ್ಪು ಬೇಕು. ಉಪ್ಪು ಬಿಡಿ ಎಂಬ ಬಿಪಿಯವರ ಪಥ್ಯ ಇವರಿಗಲ್ಲ.

ಪ್ರಶ್ನೆ: ನಮ್ಮ ತಾಯಿಗೆ 67 ವರ್ಷ. ಮಂಡಿನೋವಿಗೆಂದು ಮೂರು ವರ್ಷ ಹೆಸರಿಲ್ಲದ ಪುಡಿಯ ಪೊಟ್ಟಣಗಳನ್ನು ತರಿಸಿಕೊಂಡು ತಿಂದರು. ಮುಖ ದುಂಡಗೆ ಊದಿದೆ, ಮುಟ್ಟಿದರೆ ಚರ್ಮ ನೀಲಿಗಟ್ಟುತ್ತದೆ, ಸಕ್ಕರೆ ಕಾಯಿಲೆಯೂ ಬಂದಿದೆ. ಎರಡು ವಾರದ ಹಿಂದೆ ನಾನೇ ಪುಡಿ ಬಿಡಿಸಿದೆ. ಈಗ ಹಾಸಿಗೆ ಬಿಟ್ಟು ಏಳಲಾರರು, ಓಕರಿಕೆ, ತಲೆಸುತ್ತು. ಕಾರ್ಟಿಸಾಲ್ ಹೆಚ್ಚಾದರೆ ಇಂಥ ಮುಖವಾಗುತ್ತದೆ ಎಂದು ಓದಿ ಪರೀಕ್ಷೆ ಮಾಡಿಸಿದರೆ 2 ಮೈಕ್ರೋಗ್ರಾಂ ಎಂದು ಬಂದಿದೆ. ಲ್ಯಾಬಿನವರು ತಪ್ಪಿದರೇ?
ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಲ್ಯಾಬ್ ತಪ್ಪಿಲ್ಲ. ಈ ಸಂಚಿಕೆ ಕೈಸೇರುವಷ್ಟರಲ್ಲಿ ತೋರಿಸಿರದಿದ್ದರೆ ಇಂದೇ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದಿರುವ ಪೊಟ್ಟಣವಿದ್ದರೆ ಜೊತೆಗಿರಲಿ.

ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನಿನಂಥ ಪ್ರಬಲ ಸ್ಟೀರಾಯ್ಡ್ ಬೆರೆಸಿರುವುದುಂಟು. ಅದಕ್ಕೇ ಮಂಡಿನೋವು ಎರಡೇ ದಿನದಲ್ಲಿ ಮಾಯವಾಗುವುದು, ಅದಕ್ಕೇ ಪುಡಿ ಕೊಟ್ಟವರಿಗೆ ಒಳ್ಳೆಯ ಹೆಸರು ಬರುವುದು. ಮುಖವನ್ನು ಊದಿಸಿದ್ದು, ಸಕ್ಕರೆಯನ್ನು ಏರಿಸಿದ್ದು ಹೊರಗಿನಿಂದ ಬಂದ ಆ ಸ್ಟೀರಾಯ್ಡ್. ಅದು ಧಾರಾಳವಾಗಿ ಸಿಗುತ್ತಿದ್ದುದರಿಂದ ಪಿಟ್ಯುಟರಿ ತನ್ನ ಕೆಲಸ ನಿಲ್ಲಿಸಿತು, ಅದರ ಅಪ್ಪಣೆಯಿಲ್ಲದೆ ಅಡ್ರಿನಲ್ ಮುದುಡಿಕೊಂಡಿತು. ಮೂರು ವರ್ಷ ಮಲಗಿದ್ದ ಗ್ರಂಥಿ ಪುಡಿ ನಿಂತ ಮರುದಿನವೇ ಏಳುವುದಿಲ್ಲ. ವರದಿಯಲ್ಲಿ ಕಂಡ 2 ಅದರ ಗುರುತು. ಮುಖ ಹೆಚ್ಚಿನದು, ಅಂಕಿ ಕಡಿಮೆಯದು ಎಂಬ ಈ ವಿರೋಧವೇ ಹೊರಗಿನ ಸ್ಟೀರಾಯ್ಡಿಗೆ ಸಾಕ್ಷಿ. ಆಲ್ಡೋಸ್ಟಿರೋನಿನ ಹತೋಟಿ ಮುಖ್ಯವಾಗಿ ಮೂತ್ರಪಿಂಡದ ಕೈಯಲ್ಲಿರುವುದರಿಂದ ಇವರಲ್ಲಿ ಅಡಿಸನ್ ಕಾಯಿಲೆಯಂತೆ ಪೊಟ್ಯಾಸಿಯಂ ಏರುವುದಿಲ್ಲ. ಎಸಿಟಿಎಚ್ ಕುಗ್ಗಿರುವುದರಿಂದ ಮೈ ಕಪ್ಪಾಗುವುದೂ ಇಲ್ಲ. ಹೀಗಾಗಿ ‘ವಯಸ್ಸಾಯಿತು, ನಿಶ್ಶಕ್ತಿ’ ಎಂದು ಮನೆಗೆ ಕಳುಹಿಸಿಬಿಡುವ ಅಪಾಯ ಹೆಚ್ಚು.

ವೈದ್ಯರು ಈಗ ಅಳೆದ ಪ್ರಮಾಣದಲ್ಲಿ ಸ್ಟೀರಾಯ್ಡನ್ನೇ ಮತ್ತೆ ಶುರುಮಾಡಿ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಸುತ್ತಾ ಹೋಗಿ, ನಡುನಡುವೆ ಬೆಳಗಿನ ಕಾರ್ಟಿಸಾಲ್ ನೋಡುತ್ತಾರೆ. ಬಿಡಿಸಿದ ಸ್ಟೀರಾಯ್ಡನ್ನೇ ಕೊಡುತ್ತಾರಲ್ಲ ಎಂದು ಗಾಬರಿಪಡಬೇಡಿ. ಜ್ವರಕ್ಕೆ, ವಾಂತಿಗೆ ಮೇಲೆ ಹೇಳಿದ ಎಚ್ಚರಿಕೆಗಳೆಲ್ಲ ಇವರಿಗೂ ಸಲ್ಲುತ್ತವೆ, ಆಪರೇಷನ್ನಿನ ಸಮಯದಲ್ಲೂ. ಮೂಳೆ ಸವೆದಿರಬಹುದಾದ್ದರಿಂದ ಅದರ ಪರೀಕ್ಷೆಯೂ ಆಗಲಿ. ಪುಡಿ ಬಿಡಿಸಬೇಕೆಂದುಕೊಂಡದ್ದು ಸರಿಯೇ. ದಿಢೀರನೆ ಬಿಡಿಸಿದ್ದರಿಂದ ಹೀಗಾಯಿತು, ಅದು ನಿಮಗೆ ತಿಳಿದಿರಲು ಸಾಧ್ಯವಿರಲಿಲ್ಲ.

ಪ್ರಶ್ನೆ: ನನಗೆ 31 ವರ್ಷ. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ ಇಳಿಯುತ್ತಿಲ್ಲ. ಪೊಟ್ಯಾಸಿಯಂ 2.9 ಇದೆ, ಕಾಲು ಸೋಲುತ್ತದೆ. ಟೆನ್ಷನ್ ಕಾರಣವೇ?
ಓದುಗರೊಬ್ಬರು, ಮದ್ದೂರು

ಉತ್ತರ: ಟೆನ್ಷನ್ನಿಗೆ ಪೊಟ್ಯಾಸಿಯಂ ಇಷ್ಟು ಇಳಿಸುವ ಶಕ್ತಿಯಿಲ್ಲ. ಬಿಪಿ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವಂಥದ್ದಿದ್ದರೆ ಅದೂ ಕಾರಣವಾಗಬಹುದು. ಆದರೂ ಅಡ್ರಿನಲ್ ಆಲ್ಡೋಸ್ಟಿರೋನನ್ನು ಹೆಚ್ಚಾಗಿ ಸುರಿಸುತ್ತಿದೆಯೇ ಎಂದು ನೋಡಲೇಬೇಕು. ಅಮೆರಿಕದ ವೈದ್ಯ ಜೆರೋಮ್ ಕಾನ್ 1955ರಲ್ಲಿ ವಿವರಿಸಿದ ಕಾಯಿಲೆ ಇದು. ಪೊಟ್ಯಾಸಿಯಂ ಸರಿಪಡಿಸಿಕೊಂಡ ಮೇಲೆ ಆಲ್ಡೋಸ್ಟಿರೋನ್ ಮತ್ತು ಅದನ್ನು ಹತೋಟಿಯಲ್ಲಿಡಲು ಮೂತ್ರಪಿಂಡ ಸುರಿಸುವ ರೆನಿನ್ ಎರಡನ್ನೂ ಒಟ್ಟಿಗೆ ಅಳೆಸಿ. ಯಾವ ಮಾತ್ರೆ ನಿಲ್ಲಿಸಬೇಕೆಂಬುದನ್ನು ವೈದ್ಯರೇ ಹೇಳಲಿ. ಒಮ್ಮೊಮ್ಮೆ ತಲೆ ಸಿಡಿದು, ಬೆವರಿ, ಎದೆ ಹೊಡೆದುಕೊಳ್ಳುವುದಿದ್ದರೆ ಅದನ್ನೂ ತಿಳಿಸಿ. ಆಗ ಅಡ್ರಿನಲಿನ್ ಸುರಿಸುವ ಗಡ್ಡೆ ಇದೆಯೇ ಎಂದು ನೋಡುವ ಮೆಟಾನೆಫ್ರಿನ್ ಪರೀಕ್ಷೆಯೂ ಬೇಕಾಗುತ್ತದೆ. ಒಂದೇ ಬದಿಯ ಗ್ರಂಥಿಯದ್ದು ತಪ್ಪೆಂದು ಖಚಿತವಾದರೆ ಆಪರೇಷನ್ನಿನಿಂದ ಬಿಪಿ ಇಳಿಯುವ ಸಾಧ್ಯತೆ ಚೆನ್ನಾಗಿದೆ. ಎರಡೂ ಬದಿಯದ್ದಾದರೆ ಸ್ಪೈರನೊಲ್ಯಾಕ್ಟೋನ್ ಕೊಡುತ್ತಾರೆ. ಅದರಿಂದ ಗಂಡಸರಿಗೆ ಎದೆ ಊದಿ ನೋಯಬಹುದು. ನಾಚಿಕೊಂಡು ಮಾತ್ರೆ ಬಿಡದೆ ವೈದ್ಯರಿಗೆ ಹೇಳಿ, ಬದಲಿಗೆ ಎಪ್ಲೆರಿನೋನ್ ಇದೆ.