ತಾರಸಿ ಮೇಲೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಚಿಕ್ಕ ರೇಡಿಯೋ ರಿಸೀವರ್) ಇಟ್ಟು ಹಿಡಿಯುತ್ತಿದ್ದೇನೆ, ಬಾಹ್ಯಾಕಾಶ ನಿಲ್ದಾಣದ ಎಸ್‌ಎಸ್‌ಟಿವಿ (ರೇಡಿಯೋದಲ್ಲಿ ಸದ್ದಾಗಿ ಬರುವ) ಚಿತ್ರ ಹರಿದು ಹರಿದು ಬರುತ್ತಿದೆ. ಫೋನ್ ಆಪ್‌ನಲ್ಲಿ ನೇರ ನೋಡಿದರೆ ನನಗೆ ಸಾಕು. ಯಾಗಿ ಆಂಟೆನಾ (ಸಿಗ್ನಲ್ ಬರುವ ಕಡೆಗೆ ತಿರುಗಿಸಿ ಹಿಡಿಯುವಂಥದ್ದು) ಕೊಳ್ಳಲೇ, ಆಂಪ್ಲಿಫೈಯರ್ ಹಾಕಲೇ?

ಎರಡೂ ಬೇಡ. ಮೊದಲು ಸ್ಕ್ವೆಲ್ಚ್ (ಸಿಗ್ನಲ್ ಕುಗ್ಗಿದಾಗ ಸದ್ದು ಅಡಗಿಸುವ ಸೆಟ್ಟಿಂಗ್) ಆಫ್ ಮಾಡಿ.

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ 2020ರ ಡಿಸೆಂಬರ್ ಕಣ್ಣ ಮುಂದೆ ಬಂತು. ಅದೇ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಅದೇ ತಾರಸಿ, ಅದೇ ಪಟ್ಟಿ ಪಟ್ಟಿಯಾಗಿ ಹರಿದ ಚಿತ್ರ. ನಿಲ್ದಾಣದ ಹ್ಯಾಮ್ (ಹವ್ಯಾಸಿ) ರೇಡಿಯೋ ನೋಡಿಕೊಳ್ಳುವ ಅರಿಸ್ ತಂಡ ತನ್ನ 20 ವರ್ಷದ ನೆನಪಿಗೆ ಆಗ ಡಿಸೆಂಬರ್ 24ರಿಂದ 31ರವರೆಗೆ ಚಿತ್ರಗಳನ್ನು ಬಿಡುತ್ತಿತ್ತು. 145.800 ಮೆಗಾಹರ್ಟ್ಸ್, ಎಫ್‌ಎಂ, ಪಿಡಿ120 ಮೋಡ್ (ಚಿತ್ರವನ್ನು ಸದ್ದಾಗಿ ಕಳಿಸುವ ಒಂದು ವಿಧಾನ). ಒಂದು ಚಿತ್ರಕ್ಕೆ 126 ಸೆಕೆಂಡು, ಆಮೇಲೆ ಸುಮಾರು ಎರಡು ನಿಮಿಷ ಬಿಡುವು. ನಿಲ್ದಾಣ ನಮ್ಮ ಆಕಾಶ ದಾಟುವುದಕ್ಕೆ ಹೆಚ್ಚೆಂದರೆ ಹತ್ತು ನಿಮಿಷ. ಅಂದರೆ ಒಂದು ಸಲಕ್ಕೆ ಎರಡು ಪೂರ್ತಿ ಚಿತ್ರ ಸಿಕ್ಕರೆ ಅದೇ ದೊಡ್ಡದು.

ಮೊದಲ ದಿನ ಅರ್ಧ ಚಿತ್ರ ಬಂತು. ನಡುನಡುವೆ ಅಡ್ಡ ಪಟ್ಟಿ. ಸಿಗ್ನಲ್ ಸಾಲದು ಅಂದುಕೊಂಡೆ. ನಿಮ್ಮ ಹಾಗೆ ನನ್ನ ಕಣ್ಣೂ ನೇರ ಆಂಟೆನಾ ಮೇಲೆ ಹೋಯಿತು. ಪಿವಿಸಿ ಪೈಪಿಗೆ ಬಡಗಿಯವರ ಸ್ಟೀಲ್ ಟೇಪ್ ಕತ್ತರಿಸಿ ಕಟ್ಟಿ ಮೂರು ಎಲಿಮೆಂಟಿನ ಯಾಗಿ ಮಾಡಿದೆ. ಒಂದು ಕೈಯಲ್ಲಿ ಯಾಗಿ, ಇನ್ನೊಂದು ಕೈಯಲ್ಲಿ ದಿಕ್ಕು ನೋಡಲು ಫೋನ್, ನೀರಿನ ಟ್ಯಾಂಕಿನ ಕಟ್ಟೆ ಮೇಲೆ ಲ್ಯಾಪ್‌ಟಾಪ್. ಪಟ್ಟಿ ಹಾಗೇ ಇತ್ತು. ಬೆಂಗಳೂರಿನ ಗೆಳೆಯನಿಗೆ ಹೇಳಿ ಎಸ್.ಪಿ. ರೋಡಿನಿಂದ ಆಂಪ್ಲಿಫೈಯರ್ ತರಿಸಿದೆ. ಅದು ಇನ್ನೂ ಕೆಟ್ಟದಾಯಿತು. ನಮ್ಮ ಮನೆ ಹತ್ತಿರವೇ ಎಫ್‌ಎಂ ಟವರ್ ಇದೆ. ಆಂಪ್ಲಿಫೈಯರ್ ಅದನ್ನೂ ಸೇರಿಸಿ ಹಿಗ್ಗಿಸಿ ಡಾಂಗಲ್‌ಗೆ ತುಂಬಿತು. ಹೀಗೆ ಆರು ದಿನ ಹೋಯಿತು. ಅದರಲ್ಲಿ ಒಂದು ಸಲ ನಿಲ್ದಾಣ ಹೆಚ್ಚುಕಡಿಮೆ ನೆತ್ತಿ ಮೇಲೇ ಹಾದುಹೋಗಿತ್ತು. ಅಂಥದ್ದು ಮತ್ತೆ ಸಿಗಲಿಲ್ಲ.

30ನೇ ತಾರೀಕು ಅಪ್ಪ ಸುಮ್ನೆ ನೋಡೋಣ ಅಂತ ಮೇಲೆ ಬಂದರು. ಅವರು ಶಾರ್ಟ್‌ವೇವ್‌ನಲ್ಲಿ ರೇಡಿಯೋ ಸಿಲೋನ್ ಹುಡುಕಿ ಕೇಳಿ ಬೆಳೆದವರು. ಮಫ್ಲರ್ ಸರಿಸಿ, ಕಿವಿಯನ್ನು ಸ್ಪೀಕರ್ ಹತ್ತಿರ ಇಟ್ಟುಕೊಂಡು ಕೇಳಿದರು. "ಏನೋ ಇದು, ಮಧ್ಯ ಮಧ್ಯ ಪೂರ್ತಿ ಬಾಯಿ ಮುಚ್ಚಿಬಿಡುತ್ತಲ್ಲ? ಸ್ಟೇಷನ್ ಹೋದ್ರೆ ಬುಸ್ ಅನ್ನಬೇಕು ಅಲ್ವಾ?"

ಆಗ ಹೊಳೆಯಿತು. ವಾರದ ಹಿಂದೆ ಅಮ್ಮ ಆ ಬುಸ್ ಸದ್ದಿಗೆ ತಲೆನೋವು ಬರುತ್ತೆ ಅಂದಿದ್ದರು. ನಾನು ಸ್ಕ್ವೆಲ್ಚ್ ಏರಿಸಿ ಸದ್ದು ಅಡಗಿಸಿದ್ದೆ. ಆಮೇಲೆ ಮರೆತೇ ಹೋಗಿತ್ತು.

ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ತೊಂದರೆಯೂ ಇಲ್ಲೇ ಇದೆ ಅಂತ ನನಗೆ ಬಲವಾಗಿ ಅನಿಸುತ್ತಿದೆ. ಸ್ಕ್ವೆಲ್ಚ್ ಅಂದರೆ ಒಂದು ಬಾಗಿಲು. ಸಿಗ್ನಲ್ ಒಂದು ಮಟ್ಟಕ್ಕಿಂತ ಕೆಳಗೆ ಇಳಿದರೆ ಬಾಗಿಲು ಮುಚ್ಚುತ್ತದೆ, ಸ್ಪೀಕರ್‌ಗೆ ಏನೂ ಹೋಗುವುದಿಲ್ಲ. ಮಾತು ಕೇಳುವವರಿಗೆ ಅದು ಒಳ್ಳೆಯದೇ. ಎಸ್‌ಎಸ್‌ಟಿವಿಗೆ ಹಾಗಲ್ಲ. ಇಲ್ಲಿ ಚಿತ್ರವೇ ಸದ್ದು. 1500 ಹರ್ಟ್ಸ್ ಸಿಳ್ಳೆ ಅಂದರೆ ಕಪ್ಪು, 2300 ಅಂದರೆ ಬಿಳಿ, ನಡುವಿನದೆಲ್ಲ ನಡುವಿನ ಛಾಯೆ. ಗೆರೆ ಎಲ್ಲಿ ಶುರು ಅನ್ನುವುದಕ್ಕೆ 1200 ಹರ್ಟ್ಸ್‌ನ ಒಂದು ಚಿಕ್ಕ ಗುರುತು. ಪಿಡಿ120ಯಲ್ಲಿ ಅರ್ಧ ಸೆಕೆಂಡಿಗೆ ಎರಡು ಗೆರೆ ಬರುತ್ತವೆ. ಬಾಗಿಲು ಎರಡು ಸೆಕೆಂಡು ಮುಚ್ಚಿತು ಅಂದರೆ ಎಂಟು ಗೆರೆ ಹೋಯಿತು.

ನಿಲ್ದಾಣದ ಸಿಗ್ನಲ್ ಒಂದೇ ಸಮ ಇರುವುದಿಲ್ಲ, ಏರುತ್ತೆ, ಇಳಿಯುತ್ತೆ. ಇಳಿದಾಗ ಬುಸ್ ಸದ್ದಿನ ಒಳಗೇ ಸಿಳ್ಳೆ ತೆಳುವಾಗಿ ಉಳಿದಿರುತ್ತದೆ. ಸಾಫ್ಟ್‌ವೇರ್ ಅದನ್ನು ಹಿಡಿದರೆ ಚಿತ್ರದಲ್ಲಿ ಮರಳು ಚೆಲ್ಲಿದ ಹಾಗೆ ಚುಕ್ಕಿ ಬೀಳುತ್ತದೆ, ಅಷ್ಟೇ. ನಮ್ಮ ಕಣ್ಣು ಆ ಮರಳಿನ ಹಿಂದೆ ಇರುವುದನ್ನು ನೋಡಿಕೊಳ್ಳುತ್ತದೆ. ಸ್ಕ್ವೆಲ್ಚ್ ಮುಚ್ಚಿದ್ದರೆ ನೋಡುವುದಕ್ಕೆ ಏನೂ ಇರುವುದಿಲ್ಲ. ಇನ್ನೊಂದು ಪೆಟ್ಟು ಚಿತ್ರದ ಶುರುವಿನಲ್ಲಿ. ಅಲ್ಲಿ ಒಂದು ಸೆಕೆಂಡಿಗೂ ಕಡಿಮೆ ಹೊತ್ತು ಬರುವ ಸಂಕೇತವೊಂದು "ಇದು ಪಿಡಿ120" ಅಂತ ಸಾಫ್ಟ್‌ವೇರ್‌ಗೆ ಹೇಳುತ್ತದೆ. ಬಾಗಿಲು ತೆರೆಯುವುದು ಒಂದು ಚೂರು ತಡವಾದರೂ ಅದು ತಪ್ಪಿಹೋಗುತ್ತದೆ. ಆಮೇಲೆ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಎಂಎಂಎಸ್‌ಎಸ್‌ಟಿವಿ ಸುಮ್ಮನೆ ಕೂತಿರುತ್ತದೆ, ನೀವು ಡಾಂಗಲ್ ಕೆಟ್ಟಿದೆ ಅಂದುಕೊಳ್ಳುತ್ತೀರಿ. ನಾನು ಅಂದುಕೊಂಡೆ.

ಆರು ದಿನದ ರೆಕಾರ್ಡಿಂಗ್ ಎಲ್ಲವೂ ನನ್ನ ಹತ್ತಿರ ಇತ್ತು, ಆದರೆ ಅವನ್ನೂ ಸ್ಕ್ವೆಲ್ಚ್ ದಾಟಿದ ಮೇಲಿನ ಸದ್ದಿನಿಂದಲೇ ಮಾಡಿದ್ದೆ. ನೆತ್ತಿ ಮೇಲೆ ಹೋದಾಗಿನದ್ದನ್ನು ಎಷ್ಟು ಸಲ ತಿರುಗಿಸಿ ಹಾಕಿದರೂ ಹರಿದದ್ದು ಹರಿದೇ ಬಂತು.

31ಕ್ಕೆ ಯಾಗಿ, ಆಂಪ್ಲಿಫೈಯರ್ ಎರಡನ್ನೂ ಕೆಳಗೇ ಬಿಟ್ಟೆ. 49 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಕಡ್ಡಿ, ವಿ ಆಕಾರ, ನಡುವೆ 120 ಡಿಗ್ರಿ, ಕೇಬಲ್ ಟಿವಿ ವೈರ್. ಬಟ್ಟೆ ಒಣಹಾಕುವ ಕಂಬಕ್ಕೆ ಕಟ್ಟಿದೆ. ಸ್ಕ್ವೆಲ್ಚ್ ಸೊನ್ನೆ. ಗೆರೆ ಗೆರೆಯಾಗಿ ಇಳಿದು ಚಿತ್ರ ಕೊನೆಯವರೆಗೂ ಬಂತು, ಕೆಳಗಿನ ಒಂದು ಬೆರಳಗಲ ಮಾತ್ರ ಮರಳು. ಅದರ ಮೇಲೆ ನಿಲ್ದಾಣದ ಕರೆಗುರುತು ಓದುವ ಹಾಗಿತ್ತು. ಅಪ್ಪ ಅದನ್ನು ಒಂದೊಂದೇ ಅಕ್ಷರ ಜೋರಾಗಿ ಓದಿದರು.

ಆದ್ದರಿಂದ ಯಾಗಿ ಕೊಳ್ಳಬೇಡಿ. ತಾರಸಿ ತೆರೆದಿದ್ದರೆ ಈ ಕೆಲಸಕ್ಕೆ ವಿ ಆಂಟೆನಾ ಸಾಕು. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಅದರ ಸಿಗ್ನಲ್ ನಿಜಕ್ಕೂ ಜೋರಾಗಿದೆ. ಒಬ್ಬರೇ ಇರುವಾಗ ಯಾಗಿ ಹಿಡಿದು ತಿರುಗಿಸುತ್ತಾ ನಿಂತರೆ ಲ್ಯಾಪ್‌ಟಾಪ್ ನೋಡುವವರು ಯಾರು? ಫಿಲ್ಟರ್ ಅಗಲ 20 ಕಿಲೋಹರ್ಟ್ಸ್ ಹತ್ತಿರ ಇಡಿ. ಡಾಪ್ಲರ್‌ನಿಂದ, ಅಂದರೆ ನಿಲ್ದಾಣ ಓಡುವ ವೇಗಕ್ಕೆ, ಸಿಗ್ನಲ್ ಮೂರೂವರೆ ಕಿಲೋಹರ್ಟ್ಸ್‌ನಷ್ಟು ಆಚೀಚೆ ಸರಿದರೂ ಅದು ಒಳಗೇ ಇರುತ್ತದೆ. ನೀವು ಫೋನ್ ಆಪ್‌ನಲ್ಲಿ ನೇರ ನೋಡುವುದೇ ಸಾಕು ಅಂದಿದ್ದೀರಿ. ನಾನು ಒಪ್ಪುವುದಿಲ್ಲ. ಯಾವಾಗಲೂ ವೇವ್ ಫೈಲ್ ಆಗಿ ರೆಕಾರ್ಡ್ ಮಾಡಿ. ಶುರುವಿನ ಸಂಕೇತ ತಪ್ಪಿದರೂ ಮನೆಗೆ ಬಂದು ಮೋಡ್ ಕೈಯಲ್ಲೇ ಆರಿಸಿ ಚಿತ್ರ ತೆಗೆಯಬಹುದು.

ಇದನ್ನು ನೋಡಲು ಮುಂದಿನ ಪ್ರಸಾರಕ್ಕೆ ಕಾಯಬೇಕಿಲ್ಲ. ಹಳೆಯ ರೆಕಾರ್ಡಿಂಗ್ ಇದ್ದರೆ ಆಡಾಸಿಟಿಯಲ್ಲಿ (ಸದ್ದನ್ನು ಅಲೆಯಾಗಿ ತೋರಿಸುವ ಸಾಫ್ಟ್‌ವೇರ್) ತೆರೆಯಿರಿ. ಚಿತ್ರ ಹರಿದ ಜಾಗದಲ್ಲಿ ಅಲೆ ಸತ್ತು ನೇರ ಗೆರೆಯಾಗಿದ್ದರೆ ಅದು ಸ್ಕ್ವೆಲ್ಚ್. ಅಲ್ಲೂ ಅಲೆ ದಪ್ಪ ಪಟ್ಟಿಯಾಗಿ ಕಂಡರೆ, ಅಂದರೆ ಬುಸ್ ಸದ್ದು ಉಳಿದಿದ್ದರೆ, ನನಗೆ ಹೇಳಿ, ಆಂಟೆನಾ ಬಗ್ಗೆ ಆಗ ಮಾತಾಡೋಣ.