ಒಂದೇ ಪದರದ ಟ್ರಾನ್ಸಿಸ್ಟರ್: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ಕೆಲವೇ ಪರಮಾಣುಗಳಷ್ಟು ತೆಳ್ಳಗಿನ ಹಾಳೆಯಿಂದ ಮಾಡಿದ, ಬೆಳಕು ಬಿದ್ದರೆ ಕರೆಂಟ್ ಹೆಚ್ಚುವ ಟ್ರಾನ್ಸಿಸ್ಟರ್‌ಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ.

ಮೊದಲು ಒಂದು ತಪ್ಪು. 2013ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಮಾಲಿಬ್ಡಿನಮ್ ಡೈಸಲ್ಫೈಡಿನ (ಮಾಲಿಬ್ಡಿನಮ್ ಲೋಹ ಮತ್ತು ಗಂಧಕ ಸೇರಿದ ವಸ್ತು) ಒಂದೇ ಪದರದಲ್ಲಿ ‘880 ಆಂಪಿಯರ್ ಹರಿಯಿತು’ ಎಂದಿದ್ದೀರಿ. ಅಷ್ಟು ಹರಿದರೆ ಆ ಚೂರು ಉಳಿಯುತ್ತದೆಯೇ? 880 ಎನ್ನುವುದು ಒಂದು ವ್ಯಾಟ್ ಬೆಳಕಿಗೆ ಎಷ್ಟು ಎನ್ನುವ ಲೆಕ್ಕ. ನಿಜವಾಗಿ ಬಿದ್ದ ಬೆಳಕು ಒಂದು ನ್ಯಾನೋವ್ಯಾಟ್‌ಗಿಂತ ಕಡಿಮೆ. ಅದರಿಂದ ಬಂದ ಕರೆಂಟ್ ಒಂದು ಮೈಕ್ರೋಆಂಪಿಯರ್ ಕೂಡ ಇಲ್ಲ.

ಇದನ್ನು ತಿದ್ದಿದರೆ ಲೇಖನಕ್ಕೆ ಬೇಕಾದ ಪ್ರಶ್ನೆ ತಾನಾಗಿ ಸಿಗುತ್ತದೆ. ಅಲ್ಲಿ ಬಳಸಿದ್ದು 561 ನ್ಯಾನೋಮೀಟರ್ ಬೆಳಕು. ಒಂದು ಫೋಟಾನ್‌ಗೆ, ಅಂದರೆ ಬೆಳಕಿನ ಒಂದು ಕಣಕ್ಕೆ, ಒಂದೇ ಎಲೆಕ್ಟ್ರಾನ್ ಸಿಕ್ಕರೆ ವ್ಯಾಟ್‌ಗೆ ಅರ್ಧ ಆಂಪಿಯರೂ ಬರುವುದಿಲ್ಲ. ಅಂದರೆ ಇಲ್ಲಿ ಫೋಟಾನ್ ಒಂದಕ್ಕೆ ಸುಮಾರು 2000 ಎಲೆಕ್ಟ್ರಾನ್! ಎಲ್ಲಿಂದ ಬಂದವು? ನೀವು ಸುಮ್ನೆ ‘ಅದ್ಭುತ ಗುಣ’ ಎಂದು ಬರೆದು ಮುಂದೆ ಹೋಗಿದ್ದೀರಿ. ಓದುಗರು ಕಾಯುತ್ತಿರುವುದು ಇದಕ್ಕೇ.

ಬೆಳಕು ಒಂದು ಎಲೆಕ್ಟ್ರಾನನ್ನು ಎಬ್ಬಿಸುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗ, ಅಂದರೆ ಹೋಲ್, ಹಾಳೆಯಲ್ಲೋ ಅದರ ಅಡಿಯಲ್ಲೋ ಇರುವ ದೋಷವೊಂದರಲ್ಲಿ ಸಿಕ್ಕಿಕೊಳ್ಳುತ್ತದೆ. ಕೆರೆಯ ತೂಬನ್ನು ಯಾರೋ ಎತ್ತಿ ಹಿಡಿದ ಹಾಗೆ. ಆ ಕೈ ಬಿಡುವವರೆಗೂ ಎಲೆಕ್ಟ್ರಾನ್‌ಗಳು ಒಂದರ ಹಿಂದೆ ಒಂದು ಹರಿಯುತ್ತಲೇ ಇರುತ್ತವೆ. ತೊಂದರೆ ಏನೆಂದರೆ, ಬೆಳಕು ಆರಿಸಿದ ಮೇಲೂ ಆ ಕೈ ಬೇಗ ಬಿಡುವುದಿಲ್ಲ. ಕರೆಂಟ್ ಇಳಿಯಲು ಹಲವು ಸೆಕೆಂಡು ಬೇಕು. ಇಂಥದ್ದನ್ನು ನೀವು ‘ನಾಳೆಯ ಮೊಬೈಲ್ ಕ್ಯಾಮೆರಾ’ ಎಂದಿದ್ದೀರಿ. ವಿಡಿಯೋಗೆ ಸೆಕೆಂಡಿಗೆ 30 ಚಿತ್ರ ಬೇಕು, ಅಲ್ವಾ?

ಇನ್ನೊಂದು ಸಂಗತಿಗೆ ನನಗೆ ಬೇಸರವೇ ಆಯಿತು. ನಿಮ್ಮ ಲೇಖನದಲ್ಲಿ ಮ್ಯಾಂಚೆಸ್ಟರ್ ಇದೆ, ಸಿಂಗಪುರ ಇದೆ, ಬೆಂಗಳೂರು ಇಲ್ಲ. ಅದೇ 2013ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅರಿಂದಮ್ ಘೋಷ್ ಅವರ ತಂಡ ಇದೇ ವಸ್ತುವಿನ ಮೇಲೆ ಗ್ರಾಫೀನ್, ಅಂದರೆ ಇಂಗಾಲದ ಒಂದೇ ಪರಮಾಣು ದಪ್ಪದ ಹಾಳೆ, ಕೂರಿಸಿತು. ಕೋಣೆಯ ಉಷ್ಣತೆಯಲ್ಲೇ ವ್ಯಾಟ್‌ಗೆ 50 ಕೋಟಿ ಆಂಪಿಯರ್ ಲೆಕ್ಕ ಸಿಕ್ಕಿತು. ಬೆಳಕು ಹೋದರೂ ಅದರ ಗುರುತು ಉಳಿಯಿತು. ಅವರು ಅದನ್ನೇ ಮೆಮೊರಿಯಾಗಿ ಬಳಸಿದರು. ಟ್ರಾನ್ಸಿಸ್ಟರಿನ ಕರೆಂಟನ್ನು ಹಿಡಿತದಲ್ಲಿಡುವ ಗೇಟ್‌ಗೆ ವೋಲ್ಟೇಜಿನ ಒಂದು ಪಲ್ಸ್ ಕೊಟ್ಟರೆ ಅಳಿಸಿಹೋಗುತ್ತದೆ. ಕ್ಯಾಮೆರಾಗೆ ಅಡ್ಡಿಯಾಗುವ ನಿಧಾನವೇ ಇಲ್ಲಿ ಕೆಲಸಕ್ಕೆ ಬಂತು. ನಿಮ್ಮ ಕೈಯಲ್ಲಿದ್ದ ಕಥೆ ಇದು.

ಕೈಬಿಡಲು ಮನಸ್ಸಿಲ್ಲ ಎಂದದ್ದು ನಿಮ್ಮ ನಾಲ್ಕನೇ ಪುಟಕ್ಕಾಗಿ. ಪೆನ್ಸಿಲ್ ಸೀಸದ ಹಾಗೆ ಜಾರುವ ಬೂದು ಹರಳಿಗೆ ಟೇಪ್ ಅಂಟಿಸಿ, ಎಳೆದು, ಮಡಚಿ, ಮತ್ತೆ ಎಳೆದು, ಒಂದೇ ಪದರದ ಚೂರಿಗಾಗಿ ಇಡೀ ಮಧ್ಯಾಹ್ನ ಮೈಕ್ರೋಸ್ಕೋಪಿನ ಮುಂದೆ ಕೂತ ವಿದ್ಯಾರ್ಥಿನಿಯನ್ನು ಕಣ್ಣಾರೆ ಕಂಡು ಬರೆದಿದ್ದೀರಿ. ಆ ಪುಟದಲ್ಲಿ ‘ಅದ್ಭುತ’ ಒಂದು ಸಲವೂ ಬಂದಿಲ್ಲ. ಅಲ್ಲಿಂದಲೇ ಶುರುಮಾಡಿ. ಮೊದಲ ಎರಡು ಪುಟ ತೆಗೆದುಹಾಕಿ. ಹೊಸ ಪ್ರತಿಯನ್ನು ನೇರ ನನ್ನ ಹೆಸರಿಗೇ ಕಳಿಸಿ, ಕಾಯುತ್ತಿರುತ್ತೇನೆ.